ಪ್ರತಿಕ್ರಿಯೆ: ಮಗಳು 'ನಾ ಇದ್ರೇನು ಬಿಟ್ರೇನು' ಅಂದ್ಲು ಅಂತ ಬರದೀರಲ್ಲ

ಅಕ್ಕಾರ, ಮಗಳು ಸೆಕೆಂಡ್ ಪಿಯುಸಿ, ಮೂರು ವಾರದಿಂದ ಕಾಲೇಜಿಗೆ ಹೋಗವಲ್ಲಳು, ನಿದ್ದಿಲ್ಲ, ರೊಟ್ಟಿ ಮುಟ್ಟವಲ್ಲಳು, 'ನಾ ಇದ್ರೇನು ಬಿಟ್ರೇನು' ಅಂತಾಳ, ಗದಗದಾಗ ಯಾರಿಗೆ ತೋರಸ್ಲಿ ಅಂತ ಕೇಳೀರಿ. ಆ ಕೊನೇ ಮಾತು ಓದಿ ಎದಿ ಧಸಕ್ ಅಂತು. ಸಿಟ್ಟಿನ ಮಾತು ಅಂತ ಬಿಡಬ್ಯಾಡ್ರಿ. ಇವತ್ತ ಬಾಜೂಕ ಕುಂತು 'ಸಾಯಬೇಕು ಅನಸ್ತೈತೇನವಾ' ಅಂತ ನೇರ ಕೇಳ್ರಿ, ಹಂಗ ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ತುಂಬಿದಂಗ ಆಕ್ಕೈತಿ ಅನ್ನೋದು ಸುಳ್ಳು, ಎಷ್ಟೋ ಹುಡುಗರಿಗೆ ಹೇಳಿಕೊಂಡ ಮ್ಯಾಲ ಹಗುರ ಅನಸ್ತೈತಿ. ಹೌದು ಅಂದ್ಲಂದ್ರ ಒಬ್ಬಾಕಿನ್ನ ಬಿಡಬ್ಯಾಡ್ರಿ, ಹೊಲಕ್ಕ ಹೊಡಿಯೋ ಎಣ್ಣಿ, ಮನ್ಯಾಗಿನ ಗುಳಗಿ ಎಲ್ಲಾ ಕೀಲಿ ಹಾಕ್ರಿ, ಅವತ್ತ ದವಾಖಾನಿಗೆ ಕರಕೊಂಡ ಹೋಗ್ರಿ.

ಗದಗದಾಗ ಜಿಮ್ಸ್‌ಗೆ ಅಂದ್ರ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿಗೆ ಹೋಗಿ ಮನೋವೈದ್ಯರನ್ನ ಕೇಳ್ರಿ, ಇಲ್ಲಾಂದ್ರ ಧಾರವಾಡದ ಡಿಮ್ಹಾನ್ಸ್, ಅದು ಮನಸ್ಸಿನ ಕಾಯಿಲೆಗಂತನ ಇರೋ ಸರ್ಕಾರಿ ಸಂಸ್ಥೆ. ರಾತ್ರಿ ಗಾಬರಿ ಆದ್ರ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಹಗಲು ರಾತ್ರಿ ಫ್ರೀ, ಕನ್ನಡದಾಗ ಮಾತಾಡ್ತಾರ, ನೀವೂ ಮಾಡಬಹುದು, ಅಕಿನೂ ಮಾಡಬಹುದು.

'ಹುಚ್ಚರ ದವಾಖಾನಿ, ನಾಳೆ ಮದುವಿ ಹೆಂಗ' ಅಂತ ಮಂದಿ ಅಂದೇ ಅಂತಾರ, ಅದಕ್ಕ ಹೆದರಿ ತಡಾ ಮಾಡಬ್ಯಾಡ್ರಿ. ನಮ್ಮ ಅಣ್ಣನ ಮಗಂದು ಹಿಂಗ ಆದಾಗ ನಾವು ಆರು ತಿಂಗಳು ಬರೇ ಮೊಬೈಲ್ ಬೈಕೋತ ಕುಂತ್ವಿ, ಫೋನ್ ಕಸಗೊಂಡ್ವಿ, ಅಂವಾ ಇನ್ನಷ್ಟು ಒಳಗ ಸರಿದ, ಆ ಆರು ತಿಂಗಳು ನೆನಸಿದ್ರ ಈಗೂ ಸಂಕಟ ಆಕ್ಕೈತಿ. ನೀಟ್, ಮಾರ್ಕ್ಸ್ ಮಾತು ಸದ್ಯಕ್ಕ ಬಂದ್ ಮಾಡ್ರಿ. ಹೋಗುವಾಗ ನಿದ್ದಿ, ಊಟ ಯಾವಾಗಿಂದ ಕೆಟ್ಟೈತಿ ಅಂತ ಒಂದು ಚೀಟಿ ಬರಕೊಂಡು ಹೋಗ್ರಿ, ಡಾಕ್ಟರ್ ಕೇಳ್ತಾರ, ಆಮ್ಯಾಲ ಅಕಿ ಒಬ್ಬಾಕಿನ ಡಾಕ್ಟರ್ ಮುಂದ ಮಾತಾಡಾಕ ನೀವು ಸ್ವಲ್ಪ ಹೊರಗ ಕುಂದರ್ರಿ.