ಸಣ್ಣ ಸ್ಟಾರ್ಟಪ್‌ನಿಂದ ಆಫರ್ ಬಂದಿದೆ. ಸಂಬಳ ಕಡಿಮೆ, ಬದಲಿಗೆ ಷೇರು ಕೊಡ್ತೀವಿ ಅಂತಿದ್ದಾರೆ. ಸೇರಬಹುದಾ?

ಸೇರಬಹುದು. ಆದರೆ ಆ ಷೇರನ್ನು ಸಂಬಳದ ಲೆಕ್ಕಕ್ಕೆ ಹಿಡಿಯಬೇಡಿ. ತಿಂಗಳಿಗೆ ಕೈಗೆ ಬರುವ ದುಡ್ಡಲ್ಲಿ ಮನೆ ನಡೆಯುತ್ತಾ ಅಂತ ಮೊದಲು ನೋಡಿ. ನಡೆಯಲ್ಲ ಅಂದರೆ ಮುಂದಿನದು ಓದುವುದೇ ಬೇಡ.

ನಾನು ಹತ್ತು ಹನ್ನೆರಡು ಜನರಿದ್ದ ಕಂಪನಿಗೆ ಕೋಡ್ ಬರೆಯಲು ಸೇರಿದೆ. ಕೋಡ್ ಬರೆಯುವುದು ಹೆಸರಿಗೆ ಅಷ್ಟೇ. ಗ್ರಾಹಕರ ಫೋನ್, ಹೊಸಬರ ಇಂಟರ್‌ವ್ಯೂ, ಕೆಟ್ಟುಹೋದ ವೈಫೈ, ಎಲ್ಲವೂ ನಮ್ಮ ತಲೆ ಮೇಲೇ. ಒಂದು ದಿನ ಗ್ರಾಹಕರೊಬ್ಬರು ಫೋನ್ ಮಾಡಿ, "ಬಿಲ್ ಪ್ರಿಂಟ್ ಕೊಟ್ಟರೆ ಕೊನೇ ಸಾಲು ಮುಂದಿನ ಹಾಳೆಗೆ ಹೋಗ್ತಿದೆ, ಟೋಟಲ್ ಒಂದೇ ಅಲ್ಲಿ ಒಂಟಿಯಾಗಿ ಕೂತಿರುತ್ತೆ" ಅಂದರು. ಲೈನಲ್ಲೇ ಇರಿ ಅಂತ ಹೇಳಿ, ಅಂಚಿನ ಅಳತೆ ಸರಿಮಾಡಿ, ಇನ್ನೊಂದು ಸಲ ಪ್ರಿಂಟ್ ಕೊಡಿ ಅಂದೆ. ಆ ಕಡೆ ಪ್ರಿಂಟರ್ ಕರಕರ ಅಂದಿದ್ದು ಕೇಳಿಸಿತು. "ಹಾಂ, ಬಂತು ಬಂತು!" ದೊಡ್ಡ ಕಂಪನಿಯಲ್ಲಾದರೆ ಇದು ಟಿಕೆಟ್ ಆಗಿ, ಅಂದರೆ ದೂರಿನ ಪಟ್ಟಿ ಸೇರಿ, ನಾಲ್ಕು ಜನರ ಕೈ ದಾಟಿ, ಸಾಫ್ಟ್‌ವೇರಿನ ಮುಂದಿನ ರಿಲೀಸ್‌ವರೆಗೆ ಕಾಯಬೇಕಿತ್ತು. ನಾನು ಅಲ್ಲಿ ಅಷ್ಟು ಕಾಲ ಉಳಿದಿದ್ದು ಇಂಥ ಫೋನ್‌ಗಳಿಗಾಗಿಯೇ.

ತೊಂದರೆಯೂ ಇಲ್ಲಿಂದಲೇ ಶುರು. ಬಿಲ್ಲಿಂಗ್ ಕೋಡ್ ಗೊತ್ತಿದ್ದವನು ನಾನೊಬ್ಬನೇ, ಹಾಗಾಗಿ ಮದುವೆಮನೆಗೂ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಬೇಕಿತ್ತು. ಕೂತು ಕಲಿಸುವಷ್ಟು ಪುರುಸೊತ್ತು ಯಾರಿಗೂ ಇರಲ್ಲ. ಇದು ನಿಮ್ಮ ಮೊದಲ ಕೆಲಸವಾದರೆ, ನಿಮ್ಮ ಕೋಡ್ ನೋಡಿ ತಿದ್ದುವ ಹಿರಿಯರು ಒಬ್ಬರಾದರೂ ಇದ್ದಾರಾ ಅಂತ ಕೇಳಿಕೊಳ್ಳಿ.

ಇನ್ನು ದುಡ್ಡು. ಬ್ಯಾಂಕಿನಲ್ಲಿರುವ ಹಣವನ್ನು ತಿಂಗಳಿಗೆ ಕರಗುವ ಹಣದಿಂದ ಭಾಗಿಸಿದರೆ ಕಂಪನಿ ಇನ್ನೆಷ್ಟು ತಿಂಗಳು ಉಸಿರಾಡುತ್ತದೆ ಅಂತ ಗೊತ್ತಾಗುತ್ತದೆ. ಇದನ್ನೇ ರನ್‌ವೇ ಅನ್ನುತ್ತಾರೆ. ನಮ್ಮಲ್ಲಿ ಅದು ಮುಗಿಯುತ್ತಾ ಬಂದಾಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲು ಸಾಫ್ಟ್‌ವೇರ್ ಚಂದಾಗಳು ಒಂದೊಂದಾಗಿ ನಿಂತವು. ಆಮೇಲೆ ಹೊಸ ನೇಮಕಾತಿ ನಿಂತಿತು. ಆಮೇಲೆ ಸಂಬಳ ಒಂದನೇ ತಾರೀಖಿನಿಂದ ಹತ್ತಕ್ಕೆ ಜಾರಿತು. ಸಂಬಳ ತಡವಾದ ತಿಂಗಳೇ ಬೇರೆ ಕಡೆ ಹುಡುಕಲು ಶುರು ಮಾಡಿ. ನಿಯತ್ತು ಗಿಯತ್ತು ಅಂತ ಕಾಯುವುದು ಬೇಡ.

ಷೇರು ಅಂದರೆ ಸಾಮಾನ್ಯವಾಗಿ ಆಪ್ಷನ್. ಈಗ ನಿಗದಿಯಾದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು, ಅಷ್ಟೇ. ಹೆಚ್ಚಿನ ಕಡೆ ಇದು 4 ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಸೇರುತ್ತದೆ, ಮೊದಲ 1 ವರ್ಷದೊಳಗೆ ಬಿಟ್ಟರೆ ಸೊನ್ನೆ. 10,000 ಆಪ್ಷನ್ ಅಂದಾಗ ಹಿಗ್ಗಬೇಡಿ, ಒಟ್ಟು ಷೇರು ಎಷ್ಟು ಅಂತ ಕೇಳಿ. 1 ಕೋಟಿ ಇದ್ದರೆ ನಿಮ್ಮ ಪಾಲು ಶೇ. 0.1. ಕಂಪನಿ ಹೊಸ ಷೇರು ಕೊಟ್ಟು ಬಂಡವಾಳ ಎತ್ತಿದಾಗಲೆಲ್ಲ ಅದೂ ಇಳಿಯುತ್ತದೆ. ಕಂಪನಿ ಮಾರಾಟವಾದರೂ ಸಾಮಾನ್ಯವಾಗಿ ಹೂಡಿಕೆದಾರರ ಹಣ ಮೊದಲು ಹಿಂದಕ್ಕೆ ಹೋಗುತ್ತದೆ, ಉಳಿದರೆ ನಿಮಗೆ. ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಕೊಡುತ್ತಾರೆ ಅಂತಲೂ ಪತ್ರದಲ್ಲಿ ನೋಡಿ. ಬರೀ 90 ದಿನ ಕೊಡುವ ಕಂಪನಿಗಳು ಬೇಕಾದಷ್ಟಿವೆ.

ರನ್‌ವೇ ಎಷ್ಟಿದೆ ಅಂತ ಸ್ಥಾಪಕರನ್ನೇ ಕೇಳಿ, ಸಂಕೋಚ ಬೇಡ. ಸಹಿ ಹಾಕುವ ಮುಂಚೆ, ಇತ್ತೀಚೆಗೆ ಅಲ್ಲಿಂದ ಬಿಟ್ಟು ಹೋದವರು ಯಾರಾದರೂ ಸಿಕ್ಕರೆ ಅವರ ಜೊತೆ ಒಂದು ಸಲ ಮಾತಾಡಿ. ಅಲ್ಲಿ ಸಂಬಳ ಯಾವತ್ತು ಬರುತ್ತಿತ್ತು ಅನ್ನುವುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.