ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ಆತ್ಮೀಯರೇ, ನಮಸ್ಕಾರ.

ನೀವು ಕಳಿಸಿದ ‘ಬೆಳಗುವ ನ್ಯಾನೋ ಕಣಗಳು: ವೈದ್ಯಲೋಕದ ನವಕ್ರಾಂತಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರುತ್ತಿಲ್ಲ. ಇಡೀ ದಿನ ಲ್ಯಾಬಿನಲ್ಲಿ ನಿಂತು, ರಾತ್ರಿ ಕೂತು ಕನ್ನಡದಲ್ಲಿ ಆರು ಪುಟ ಬರೆದಿದ್ದೀರಿ. ಪಿಎಚ್‌.ಡಿ. ಮಾಡುತ್ತಾ ಇಷ್ಟು ಮಾಡುವವರು ಕಡಿಮೆ. ಅದಕ್ಕೇ ಈ ಕಾಗದ ಸ್ವಲ್ಪ ಉದ್ದ.

ಮೊದಲ ಮೂರು ಪುಟ ಪೂರ್ತಿ ತೆಗೆಯಿರಿ. ಭೌತವಿಜ್ಞಾನಿ ಫೈನ್‌ಮನ್ 1959ರಲ್ಲಿ ಮಾಡಿದ ಭಾಷಣ, ಕೂದಲೆಳೆಯ ಹೋಲಿಕೆ, ಕ್ವಾಂಟಂ ಡಾಟ್ ಎಂಬ ಬೆಳಗುವ ಅರೆವಾಹಕ ಕಣಗಳಿಗೆ ಬಂದ 2023ರ ನೊಬೆಲ್, ಆಮೇಲೆ ಕ್ಯಾನ್ಸರ್‌ನಿಂದ ಸಕ್ಕರೆ ಕಾಯಿಲೆವರೆಗೆ ಎಲ್ಲಕ್ಕೂ ಪರಿಹಾರ. ನ್ಯಾನೋ ಬಗ್ಗೆ ನಮಗೆ ಬರುವ ಲೇಖನಗಳು ಹೆಚ್ಚುಕಮ್ಮಿ ಇದೇ ದಾರಿ ಹಿಡಿಯುತ್ತವೆ. ಅದನ್ನು ಬರೆಯಲು ಲ್ಯಾಬಿನಲ್ಲಿ ಕೆಲಸ ಮಾಡಿದವರೇ ಬೇಕಾಗಿಲ್ಲ.

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ‘ಬಫರ್ ದ್ರಾವಣದಲ್ಲಿ ಉತ್ತಮ ಫಲಿತಾಂಶ ದೊರೆಯಿತಾದರೂ ಸೀರಂನಲ್ಲಿ ಸಂವೇದನಾಶೀಲತೆ ಕೊಂಚ ಕುಂಠಿತಗೊಂಡಿತು.’ ನಾನು ಅಲ್ಲೇ ನಿಂತುಬಿಟ್ಟೆ. ಫೋನಿನಲ್ಲಿ ನೀವು ಹೇಳಿದ್ದು ಹೀಗಿರಲಿಲ್ಲ, ಅಲ್ವಾ? ಬಫರ್ ಅನ್ನುವ ಶುದ್ಧ ಉಪ್ಪುನೀರಿನಂಥ ದ್ರಾವಣದಲ್ಲಿ ಎಂಟು ತಿಂಗಳು ಚೆನ್ನಾಗಿ ನಡೆದ ಕಣಗಳು, ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವಕ್ಕೆ, ಹಾಕಿದ ದಿನ ಟ್ಯೂಬಿನ ತಳದಲ್ಲಿ ಬಿಳಿ ಗಸಿಯ ಹಾಗೆ ಕೂತವು ಅಂದಿರಿ. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ, ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ ಅಂದಿರಿ. ಅದಷ್ಟೂ ‘ಕೊಂಚ ಕುಂಠಿತಗೊಂಡಿತು’ ಆಗಿಹೋಗಿದೆ! ಥೀಸಿಸ್‌ಗೆ ಆ ಸಾಲು ಸಾಕು. ನಮ್ಮ ಓದುಗರಿಗೆ ಆ ಟ್ಯೂಬು ಬೇಕು.

ನಿಮ್ಮ ಕೆಲಸದ ಕಷ್ಟ ಪೂರ್ತಿ ಇರುವುದು ಆ ಗಸಿಯಲ್ಲೇ. ಈ ಕಣಗಳಿಂದ ನೀವು ರಕ್ತದಲ್ಲಿ ಹುಡುಕುತ್ತಿರುವುದು ಟ್ರೋಪೋನಿನ್. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನ್. ಒಂದು ಲೀಟರಿನಲ್ಲಿ ಅದು ಕೆಲವು ಹತ್ತು ನ್ಯಾನೋಗ್ರಾಂ ಇದ್ದರೂ ವೈದ್ಯರು ಎಚ್ಚರವಾಗುತ್ತಾರೆ. ಅದೇ ಒಂದು ಲೀಟರ್ ಸೀರಂನಲ್ಲಿ ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನ್ ಸುಮಾರು 40 ಗ್ರಾಂ ಇರುತ್ತದೆ. ಲೆಕ್ಕ ಹಾಕಿ ನೋಡಿ. ತೂಕದಲ್ಲಿ ಹೆಚ್ಚುಕಮ್ಮಿ ನೂರು ಕೋಟಿ ಪಟ್ಟು! ಕಣ ಒಳಗೆ ಬಿದ್ದ ಕೂಡಲೇ ಈ ಪ್ರೋಟೀನ್‌ಗಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿಕೊಳ್ಳುತ್ತವೆ. ಟ್ರೋಪೋನಿನ್ ಹಿಡಿಯಲಿ ಅಂತ ನೀವು ಅಂಟಿಸಿದ ಆಂಟಿಬಾಡಿ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಜೊತೆಗೆ ಕಣಕ್ಕೆ ಕಣ ಅಂಟಿ ಗಡ್ಡೆ ಕಟ್ಟಿದರೆ ತಳಕ್ಕೆ ಇಳಿಯುತ್ತದೆ. ನೀವು ಕಿಟಕಿಯ ಹತ್ತಿರ ನೋಡಿದ್ದು ಅದನ್ನೇ ತಾನೇ? ಆಮೇಲೆ ಕಣಕ್ಕೆ ಬೇರೆ ಪಾಲಿಮರ್ ಹೊದಿಕೆ ಹಾಕಿದೆ ಅಂದಿರಿ. ಎಷ್ಟು ಸಲ ಹಾಕಿದಿರಿ, ಯಾವುದು ಕೈಕೊಟ್ಟಿತು, ಯಾವುದು ಸ್ವಲ್ಪವಾದರೂ ನಿಂತಿತು? ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ಮಾತು. ‘ಪ್ರಕಾಶಮಾನವಾಗಿ ಬೆಳಗುತ್ತವೆ’ ಅಂತ ಏಳು ಕಡೆ ಬಂದಿದೆ. ಬೆಳಗುವ ವಸ್ತುಗಳು ಬೇಕಾದಷ್ಟಿವೆ. ಸುತ್ತಲಿನ ಬೆಳಕಿನಿಂದ ನಿಮ್ಮ ಬೆಳಕನ್ನು ಬೇರೆ ಮಾಡಿ ನೋಡುವುದೇ ಕಷ್ಟ. ಅಂಗಡಿಯಲ್ಲಿ ಖೋಟಾ ನೋಟು ನೋಡುವ ನೇರಳೆ ದೀಪ ಇರುತ್ತಲ್ಲ, ಅದರ ಕೆಳಗೆ ನೋಟಿನೊಳಗಿನ ಸಣ್ಣ ಎಳೆಗಳು ಹೊಳೆಯುತ್ತವೆ. ಆದರೆ ನೋಟು ಹಿಡಿದವರ ಬಿಳಿ ಅಂಗಿಯ ತೋಳು ಅದಕ್ಕಿಂತ ಜಾಸ್ತಿ ಹೊಳೆಯುತ್ತದೆ, ಸೋಪಿನ ಪುಡಿಯಲ್ಲಿರುವ ಬಿಳುಪಿನ ರಾಸಾಯನಿಕದಿಂದ. ಆ ಎಳೆ ಅಂಗಿಯ ಮೇಲೇ ಬಿದ್ದಿದ್ದರೆ ಕಣ್ಣಿಗೆ ಸಿಗುತ್ತಿತ್ತಾ? ಸೀರಂ ಕೂಡ ಹೀಗೆಯೇ. ನೇರಳಾತೀತ ಅಥವಾ ನೀಲಿ ಬೆಳಕು ಬಿಟ್ಟರೆ ಅದು ತಾನೇ ಮಂದವಾಗಿ ಹೊಳೆಯುತ್ತದೆ. ನೀವು ಕಣ್ಣಿಗೆ ಕಾಣದ 980 ನ್ಯಾನೋಮೀಟರ್ ಅವಕೆಂಪು ಬೆಳಕು ಬಿಡುವುದು ಇದಕ್ಕೇ. ಆ ಬೆಳಕಿಗೆ ಸೀರಂ ಹೊಳೆಯುವುದಿಲ್ಲ, ನಿಮ್ಮ ಕಣ ಮಾತ್ರ ಹಸಿರಾಗಿ ಹೊಳೆಯುತ್ತದೆ. ಇಷ್ಟು ಚೆಂದದ ಉಪಾಯವನ್ನು ಐದನೇ ಪುಟದ ಅಡಿಟಿಪ್ಪಣಿಯಲ್ಲಿ ಇಟ್ಟಿದ್ದೀರಿ. ಮೇಲಕ್ಕೆ ತನ್ನಿ.

ತಪ್ಪುಗಳೂ ಇವೆ. ‘ಕಡಿಮೆ ಶಕ್ತಿಯಿಂದ ಹೆಚ್ಚು ಶಕ್ತಿ ಉತ್ಪಾದಿಸುವ ಕಣ’ ಅಂದರೆ ಓದುಗರು ಶಕ್ತಿ ಪುಕ್ಕಟೆ ಹುಟ್ಟುತ್ತದೆ ಅಂದುಕೊಳ್ಳುತ್ತಾರೆ. ನಡೆಯುವುದು ಇಷ್ಟು: ಕಣದೊಳಗೆ ಬೆರೆಸಿದ ಯಟರ್ಬಿಯಂ ಎಂಬ ಲೋಹ ಬೆಳಕು ಹಿಡಿದು ಪಕ್ಕದ ಇನ್ನೊಂದು ಲೋಹ ಎರ್ಬಿಯಂಗೆ ದಾಟಿಸುತ್ತದೆ. ಎರ್ಬಿಯಂ ಒಂದು ಮೆಟ್ಟಿಲು ಹತ್ತಿ ಕಾಯುತ್ತದೆ, ಎರಡನೇ ಪಾಲು ಬಂದಾಗ ಇನ್ನೊಂದು ಮೆಟ್ಟಿಲು ಹತ್ತುತ್ತದೆ, ಅಲ್ಲಿಂದ ಇಳಿಯುವಾಗ ಹಸಿರು ಬೆಳಕು. ಸಣ್ಣ ಕಣಗಳಲ್ಲಿ ಇದರ ದಕ್ಷತೆ ಸಾಮಾನ್ಯವಾಗಿ ಶೇ. 1 ಕೂಡ ಇರುವುದಿಲ್ಲ. ಅದನ್ನೂ ಹೇಳಿಬಿಡಿ. ಗಾತ್ರ ಬದಲಾದರೆ ಬಣ್ಣ ಬದಲಾಗುತ್ತದೆ ಅನ್ನುವುದು ಕ್ವಾಂಟಂ ಡಾಟ್‌ನ ಗುಣ. ನಿಮ್ಮ ಕಣದಲ್ಲಿ ಬಣ್ಣವನ್ನು ಮುಖ್ಯವಾಗಿ ತೀರ್ಮಾನಿಸುವುದು ಒಳಗೆ ಬೆರೆಸಿದ ಲೋಹ: ಎರ್ಬಿಯಂ ಇದ್ದರೆ ಹಸಿರು, ಕೆಂಪು, ಥೂಲಿಯಂ ಇದ್ದರೆ ನೀಲಿ. ಕೋವಿಡ್ ಕಿಟ್‌ನ ಕೆಂಪು ಗೆರೆಯನ್ನೂ ಬೆಳಗುವ ಕಣಗಳ ಪಟ್ಟಿಗೆ ಸೇರಿಸಿದ್ದೀರಿ. ಮನೆಯಲ್ಲಿ ಬಳಸುವ ಸಾಮಾನ್ಯ ಕಿಟ್‌ಗಳಲ್ಲಿ ಹೆಚ್ಚಾಗಿ ಇರುವುದು ಚಿನ್ನದ ನ್ಯಾನೋ ಕಣ. ಅದು ಬೆಳಕು ಸೂಸುವುದಿಲ್ಲ, ಬಟ್ಟೆಯ ಬಣ್ಣದ ಹಾಗೆ ಕೆಂಪಾಗಿ ಕಾಣುತ್ತದೆ ಅಷ್ಟೇ.

ನನಗೆ ನಿಜಕ್ಕೂ ಆತಂಕವಾಗಿದ್ದು ಕೊನೆಯ ಪುಟ. ‘ಇನ್ನು ಮನೆಯಲ್ಲೇ ಹೃದಯಾಘಾತ ಪತ್ತೆ’ ಅಂತ ಬರೆದಿದ್ದೀರಿ. ಆಸ್ಪತ್ರೆಯಲ್ಲೇ ಒಂದು ಸಲದ ಟ್ರೋಪೋನಿನ್ ಪರೀಕ್ಷೆ ಸಾಲದೆ ಕೆಲವು ಗಂಟೆ ಬಿಟ್ಟು ಮತ್ತೆ ನೋಡುವುದುಂಟು, ಇಸಿಜಿ ಮಾಡುತ್ತಾರೆ. ಎದೆ ನೋವು ಶುರುವಾದ ಕೂಡಲೇ ರಕ್ತದಲ್ಲಿ ಅದು ಏರಿರಲೇಬೇಕು ಅಂತೇನಿಲ್ಲ. ನಮ್ಮ ಓದುಗರಲ್ಲಿ ವಯಸ್ಸಾದವರು ಬಹಳ. ‘ಗ್ಯಾಸ್ ಇರಬೇಕು, ಬೆಳಗ್ಗೆ ನೋಡೋಣ’ ಅಂತ ಮಲಗುವವರು ಎಲ್ಲಾ ಊರಲ್ಲೂ ಇದ್ದಾರೆ. ಅವರಲ್ಲಿ ಒಬ್ಬರು ನಿಮ್ಮ ಸಾಲು ನಂಬಿ ಇನ್ನೊಂದು ಗಂಟೆ ಕಾಯುವುದು ಬೇಡ. ಆ ಪುಟ ತೆಗೆದು, ನಿಮ್ಮ ಕಣ ಈಗ ಎಲ್ಲಿಗೆ ಬಂದು ನಿಂತಿದೆ ಅಂತ ಎರಡು ಸಾಲು ಬರೆಯಿರಿ, ಸಾಕು.

ಭಾಷೆಗೆ ಜಾಸ್ತಿ ಹೇಳುವುದಿಲ್ಲ. ‘ಕುಂಠಿತಗೊಂಡಿತು’ ಅನ್ನುವ ನೀವೇ ಫೋನಿನಲ್ಲಿ ‘ಗಸಿ ಕಟ್ಟಿಬಿಡ್ತು’ ಅಂದಿದ್ದು. ಎರಡನೆಯದೇ ಇರಲಿ. ಸೀರಂ, ಆಂಟಿಬಾಡಿ, ಲೇಸರ್ ಹಾಗೇ ಇರಲಿ. ರಕ್ತ ಪರೀಕ್ಷೆ ಮಾಡಿಸಿಕೊಂಡವರಿಗೆ ಈ ಪದಗಳು ಹೊಸದಲ್ಲ.

ಕೆಲಸ ಇನ್ನೂ ಪ್ರಕಟವಾಗಿಲ್ಲದಿದ್ದರೆ ನಿಮ್ಮ ಗೈಡ್ ಹತ್ತಿರ ಒಂದು ಮಾತು ಕೇಳಿ. ಅವರು ಬೇಡ ಅಂದರೆ ಅಂಕಿಅಂಶ ಬಿಡೋಣ. ಪೂರ್ತಿ ಲೇಖನಕ್ಕೆ ಅವಸರವಿಲ್ಲ. ಸೀರಂ ಹಾಕಿದ ಆ ದಿನವನ್ನು ಮಾತ್ರ ಮೊದಲು ಒಂದು ಪುಟ ಬರೆದು ಕಳಿಸಿ. ಟ್ಯೂಬಿನ ಫೋಟೋ ತೆಗೆದಿದ್ದರೆ ಅದನ್ನೂ ಕಳಿಸಿ, ಮೊಬೈಲಿನದ್ದಾದರೂ ಪರವಾಗಿಲ್ಲ.