ಅಕ್ಕಿಕಾಳಿನ ಹೊತ್ತಿಗೆ ಕೈಕೊಡದ ಕ್ಯಾಮೆರಾ

ಪ್ರಶ್ನೆ: ಜಮಖಂಡಿಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ಸೀಮಂತಗಳ ಫೋಟೊ ತೆಗೆಯುತ್ತೇನೆ. ನಿಕಾನ್ ಡಿ750, 24-70 ಎಫ್/2.8 ಎಎಫ್-ಎಸ್ ಲೆನ್ಸ್, ಹಳೆಯ 85 ಎಂಎಂ ಎಫ್/1.8 ಡಿ ಲೆನ್ಸ್ ಮತ್ತು ಎರಡು ಫ್ಲ್ಯಾಶ್ ಇವೆ. ಈಗ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಗೆಳೆಯರು ಸೋನಿ ಎ7 ಮಾರ್ಕ್ 4 ಎನ್ನುತ್ತಾರೆ, ಅಂಗಡಿಯವರು ಮೆಗಾಪಿಕ್ಸೆಲ್ ಹೆಚ್ಚಿರುವುದನ್ನೇ ತೋರಿಸುತ್ತಾರೆ. ಮದುವೆ ಕೆಲಸಕ್ಕೆ ನಿಜವಾಗಿ ಬೇಕಾದ ಸೌಲಭ್ಯಗಳು ಯಾವುವು?
– ಒಬ್ಬ ಓದುಗ, ಜಮಖಂಡಿ

ಉತ್ತರ: ಮೆಗಾಪಿಕ್ಸೆಲ್ ಮಾತನ್ನು ಮೊದಲು ಮುಗಿಸಿಬಿಡೋಣ. ನೀವು ಕೊಡುವ ಆಲ್ಬಮ್ ಬಿಚ್ಚಿದಾಗ 12×36 ಇಂಚು ಇರುತ್ತದೆ ಎಂದುಕೊಳ್ಳಿ. ಅದರ ಒಂದು ಪುಟ, ಅಂದರೆ 12×18 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3600×5400 ಪಿಕ್ಸೆಲ್ ಸಾಕು. ಗುಣಿಸಿದರೆ 19.4 ಮೆಗಾಪಿಕ್ಸೆಲ್. ನಿಮ್ಮ ಹಳೆಯ ಡಿ750ಯೇ 24 ಮೆಗಾಪಿಕ್ಸೆಲ್ ಕೊಡುತ್ತಿದೆ. ಒಂದೇ ಚಿತ್ರವನ್ನು ಎರಡೂ ಪುಟಗಳಿಗೆ ಹರಡಿದರೂ ಇಂಚಿಗೆ ಸುಮಾರು 167 ಪಿಕ್ಸೆಲ್ ಉಳಿಯುತ್ತವೆ. ಬೀಗರು ಆಲ್ಬಮ್ ಅನ್ನು ಭೂತಗನ್ನಡಿ ಹಿಡಿದು ನೋಡುವುದಿಲ್ಲ. ಹೆಚ್ಚಿನ ಮೆಗಾಪಿಕ್ಸೆಲ್‌ನಿಂದ ಖಚಿತವಾಗಿ ಹೆಚ್ಚುವುದು ನಿಮ್ಮ ಹಾರ್ಡ್‌ಡಿಸ್ಕ್ ಖರ್ಚು: 24 ಮೆಗಾಪಿಕ್ಸೆಲ್‌ನ ರಾ ಕಡತ (ಸೆನ್ಸರ್ ಕೊಟ್ಟದ್ದನ್ನು ಹಾಗೆಯೇ ಉಳಿಸುವ ಕಡತ) 30 ಎಂಬಿ ಎಂದಿಟ್ಟುಕೊಂಡರೂ 3000 ಚಿತ್ರಗಳಿಗೆ 90 ಜಿಬಿ ಆಯಿತು.

ಎರಡು ಕಾರ್ಡ್ ಸ್ಲಾಟ್ ವಿಷಯದಲ್ಲಿ ರಾಜಿ ಬೇಡ. ಕಾರ್ಡ್ ಕೆಟ್ಟರೆ ತಾಳಿ ಕಟ್ಟುವುದನ್ನು ಮತ್ತೊಮ್ಮೆ ಕಟ್ಟಿಸಲಾಗದು. ಡಿ750ಯಲ್ಲಿ ಈ ಸೌಲಭ್ಯ ಇತ್ತು. ಮಿರರ್‌ಲೆಸ್ ಎಂಬ ಹೆಸರಿಗೆ ಮರುಳಾಗಿ ಕ್ಯಾನನ್ ಆರ್8ನಂಥ ಒಂದೇ ಸ್ಲಾಟ್‌ನ ಬಾಡಿ ಕೊಂಡರೆ ಹಿಂದಕ್ಕೆ ಹೋದಂತೆ. ಕ್ಯಾನನ್ ಆರ್6 ಮಾರ್ಕ್ 2ರಲ್ಲಿ ಎರಡೂ ಎಸ್‌ಡಿ ಸ್ಲಾಟ್‌ಗಳು. ನಿಕಾನ್ ಝಡ್6 ಮಾರ್ಕ್ 3ರಲ್ಲಿ ಒಂದು ಸಿಎಫ್ಎಕ್ಸ್‌ಪ್ರೆಸ್, ಇನ್ನೊಂದು ಎಸ್‌ಡಿ. ಎರಡಕ್ಕೂ ಏಕಕಾಲಕ್ಕೆ ಬರೆಸಿದರೆ ವೇಗ ನಿಧಾನವಾದ ಕಾರ್ಡಿನದೇ ಆಗುತ್ತದೆ. ಆದ್ದರಿಂದ ಎಸ್‌ಡಿ ಕಾರ್ಡಿನಲ್ಲಿ ಜಿಪುಣತನ ಮಾಡಬೇಡಿ.

ನಮ್ಮ ಕಡೆಯ ಮಂಟಪದಲ್ಲಿ ಕ್ಯಾಮೆರಾದ ನಿಜವಾದ ಪರೀಕ್ಷೆ ಬೆಳಕಿನದು. ವೇದಿಕೆಯ ಹಿಂದೆ ಎಲ್‌ಇಡಿ ಪರದೆ, ಬದಿಗೆ ಬಣ್ಣ ಬದಲಿಸುವ ಪಾರ್ ಲೈಟು (ವೇದಿಕೆಯ ದೀಪ), ಮೇಲೆ ಅಗ್ಗದ ಎಲ್‌ಇಡಿ ಸರಮಾಲೆ. ನಮ್ಮ ವಿದ್ಯುತ್ತು 50 ಹರ್ಟ್ಜ್. ಅದರ ಮೇಲೆ ನಡೆಯುವ ಸಾಧಾರಣ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಕ್ಕೆ ಕಾಣುತ್ತದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದಿಕೊಳ್ಳುತ್ತದೆ. ಓದುವ ನಡುವೆ ದೀಪ ಮಂಕಾದರೆ ಅಷ್ಟು ಸಾಲುಗಳು ಕಪ್ಪಾಗಿ, ವಧುವಿನ ಮುಖದ ಮೇಲೆ ಅಡ್ಡಪಟ್ಟಿ ಬೀಳುತ್ತದೆ. ಎ7 ಮಾರ್ಕ್ 4ರ ಸೆನ್ಸರ್ ಓದುವ ವೇಗ ಕಡಿಮೆಯಾದ್ದರಿಂದ ಅದರಲ್ಲಿ ಎಲೆಕ್ಟ್ರಾನಿಕ್ ಶಟರನ್ನು ಮಂಟಪದಲ್ಲಿ ಬಳಸಲೇಬಾರದು. ಮೆಕ್ಯಾನಿಕಲ್ ಶಟರ್ ಇಟ್ಟು, 1/100 ಸೆಕೆಂಡ್‌ನಲ್ಲಿ ತೆಗೆದರೆ ಸಾಮಾನ್ಯ ದೀಪದ ಒಂದು ಪೂರ್ತಿ ಮಿನುಗು ಚಿತ್ರದೊಳಗೆ ಬಂದು ಪಟ್ಟಿ ಮಾಯವಾಗುತ್ತದೆ. ಆದರೆ ಎಲ್‌ಇಡಿ ಪರದೆಯ ಮಿನುಗು ಇದಕ್ಕಿಂತ ಎಷ್ಟೋ ವೇಗದ್ದು, ಪರದೆಯಿಂದ ಪರದೆಗೆ ಬೇರೆ. ಅದಕ್ಕಾಗಿ ಶಟರ್ ವೇಗವನ್ನು ತೀರಾ ಸಣ್ಣ ಹೆಜ್ಜೆಗಳಲ್ಲಿ ಹೊಂದಿಸಿಕೊಳ್ಳುವ ಸೌಲಭ್ಯ ಬೇಕು. ಆರ್6 ಮಾರ್ಕ್ 2 ಮತ್ತು ಝಡ್6 ಮಾರ್ಕ್ 3 ಎರಡರಲ್ಲೂ ಇದೆ. ಪಟ್ಟಿ ಕರಗುವವರೆಗೆ ಕ್ಯಾಮೆರಾದ ಪರದೆ ನೋಡುತ್ತ ಹೊಂದಿಸಿ, ಬಳಿಕ ಆ ವೇಗ ಬದಲಿಸದಿದ್ದರೆ ಆಯಿತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಇದು ಯಾವುದೂ ತಿಳಿಯುವುದಿಲ್ಲ.

ಇದೇ ಬೆಳಕಿನಲ್ಲಿ ಇಳಕಲ್ ಸೀರೆಯೂ ಒಂದು ಪರೀಕ್ಷೆ. ಕೆಂಪು ಟೋಪ್ ತೆನೆ ಸೆರಗಿನ ಮೇಲೆ ಕೆಂಪು ಪಾರ್ ಲೈಟು ಬಿದ್ದರೆ ಚಿತ್ರದ ಕೆಂಪು ಚಾನಲ್ ತುಂಬಿ ತುಳುಕಿ, ಬಿಳಿ ತೆನೆಯ ಅಂಚು, ನೂಲಿನ ನೇಯ್ಗೆ ಎಲ್ಲ ಕೆಂಪು ಮುದ್ದೆಯಾಗುತ್ತವೆ. ಸಾಧಾರಣ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಒಟ್ಟು ಬೆಳಕನ್ನಷ್ಟೇ ತೋರಿಸುವುದರಿಂದ ‘ಎಲ್ಲ ಸರಿಯಿದೆ’ ಎನ್ನುತ್ತದೆ. ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ತೆರೆದು, ಕೆಂಪು ನಕ್ಷೆಯ ಬಲಗೋಡೆಗೆ ತಾಗದಂತೆ ಬೆಳಕನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ (ಬೆಳಕಿನ ಅಳತೆಯ ಹೆಜ್ಜೆ) ತಗ್ಗಿಸಿ ರಾ ಕಡತದಲ್ಲಿ ತೆಗೆಯಿರಿ. ಮುಖದ ಬೆಳಕನ್ನು ಆಮೇಲೆ ಎತ್ತಿಕೊಳ್ಳಬಹುದು.

ಫೋಕಸ್ ವಿಷಯದಲ್ಲಿ ಮಿರರ್‌ಲೆಸ್ ನಿಮ್ಮ ಕೆಲಸವನ್ನು ನಿಜವಾಗಿ ಹಗುರ ಮಾಡುತ್ತದೆ. ಡಿ750ಯ 51 ಬಿಂದುಗಳು ಚೌಕಟ್ಟಿನ ನಡುವೆ ಗುಂಪುಗೂಡಿವೆ. ಹೊಸ ಬಾಡಿಗಳಲ್ಲಿ ಅವು ಬಹುಪಾಲು ಚೌಕಟ್ಟನ್ನು ಆವರಿಸಿ ಕಣ್ಣನ್ನು ಹುಡುಕಿ ಹಿಡಿಯುತ್ತವೆ. ಆದರೆ ಜಾಹೀರಾತಿನ ಮಾದರಿ ಹುಡುಗಿಯ ಹಣೆಗೆ ಬಾಸಿಂಗ ಇರುವುದಿಲ್ಲ. ಬಾಸಿಂಗದಿಂದ ಜೋತುಬಿದ್ದ ಮುತ್ತಿನ ಎಳೆಗಳು ಮುಖದ ಮುಂದೆ ತೂಗಾಡುವಾಗ, ಹಾರುವ ಅಕ್ಕಿಕಾಳು ನಡುವೆ ಬಂದಾಗ, ಫೋಕಸ್ ಕಣ್ಣಿನ ಮೇಲೆ ನಿಲ್ಲುತ್ತದೆಯೋ, ಮುತ್ತಿನ ಮೇಲೆ ಜಿಗಿಯುತ್ತದೆಯೋ? ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ಇದನ್ನೇ ಪರೀಕ್ಷಿಸಿ. ಹುಬ್ಬಳ್ಳಿ, ಬೆಳಗಾವಿಯಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ಮನೆಯ ಮಗುವಿನ ಹಣೆಗೆ ಬಾಸಿಂಗ ಕಟ್ಟಿ ಓಡಾಡಿಸಿದರೂ ಸಾಕು. ಫೋಕಸ್ ಎಷ್ಟು ಬೇಗ ಹೊಸ ವಸ್ತುವಿನತ್ತ ತಿರುಗಬೇಕೆಂಬ ಸೆಟ್ಟಿಂಗನ್ನು ನಿಧಾನದ ಕಡೆಗೆ ಸರಿಸಿದರೆ ಅಕ್ಕಿಕಾಳಿನ ಕಾಟ ಬಹಳಷ್ಟು ತಗ್ಗುತ್ತದೆ.

ಯಾರೂ ಕೇಳದ, ಆದರೆ ನೀವು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಎಚ್‌ಡಿಎಂಐ ಕಿಂಡಿಯದು. ಕ್ಯಾಮೆರಾದ ದೃಶ್ಯ ಮಿಕ್ಸರ್‌ಗೆ ಹೋಗಿ ಅಲ್ಲಿಂದ ಎಲ್‌ಇಡಿ ಪರದೆಗೂ ಯೂಟ್ಯೂಬ್‌ಗೂ ಹೋಗುವುದು ಈಗ ಮಾಮೂಲಿ. ಜನ ತಂತಿ ತುಳಿಯುವುದೂ ಮಾಮೂಲಿ. ಆರ್6 ಮಾರ್ಕ್ 2ರಲ್ಲಿರುವುದು ಸಣ್ಣ ಮೈಕ್ರೊ ಕಿಂಡಿ; ತಂತಿ ಜಗ್ಗಿದರೆ ಮೊದಲು ಸಡಿಲಾಗುವುದು ಇದೇ. ಎ7 ಮಾರ್ಕ್ 4, ಝಡ್6 ಮಾರ್ಕ್ 3 ಎರಡರಲ್ಲೂ ಪೂರ್ಣ ಗಾತ್ರದ ಕಿಂಡಿ ಇದೆ.

ನಿಶ್ಶಬ್ದ ಶಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಂಡಿನವರ ಮುಂದೆ ನಿಮ್ಮ ಶಟರ್ ಸದ್ದು ಯಾರಿಗೆ ಕೇಳಬೇಕು? ಪೂರ್ತಿ ತಿರುಗುವ ಪರದೆ ಮಾತ್ರ ಬೇಕೇ ಬೇಕು. ಮಾಂಗಲ್ಯದ ಹೊತ್ತಿಗೆ ಹತ್ತಾರು ಮೊಬೈಲ್‌ಗಳ ಮೇಲೆ ಕ್ಯಾಮೆರಾ ಎತ್ತಿ ಹಿಡಿಯುವವರು ನೀವೇ ತಾನೇ.

ಬ್ಯಾಟರಿಯಲ್ಲಿ ಮಿರರ್‌ಲೆಸ್ ಸೋಲುತ್ತದೆ. ಡಿ750ಯ ಅಧಿಕೃತ ಲೆಕ್ಕ 1230 ಚಿತ್ರ. ಎ7 ಮಾರ್ಕ್ 4ರದ್ದು ವ್ಯೂಫೈಂಡರ್ ಬಳಸಿದರೆ ಸುಮಾರು 520, ಝಡ್6 ಮಾರ್ಕ್ 3ರದ್ದು 400ರ ಒಳಗೆ. ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಬಿಡದೆ) ತೆಗೆದಾಗ ಇದಕ್ಕಿಂತ ಹೆಚ್ಚೇ ಬರುತ್ತವೆ, ಆದರೂ ಇನ್ನೆರಡು ಬ್ಯಾಟರಿಗಳ ಬೆಲೆಯನ್ನು ಬಜೆಟ್ಟಿಗೆ ಸೇರಿಸಿ. ಈ ಕ್ಯಾಮೆರಾಗಳ ಕೈಪಿಡಿಗಳು ಬಳಕೆಗೆ ಹೇಳುವ ಗರಿಷ್ಠ ಉಷ್ಣಾಂಶ 40 ಡಿಗ್ರಿ ಎಂಬುದನ್ನೂ ಮರೆಯಬೇಡಿ. ನಮ್ಮ ಏಪ್ರಿಲ್, ಮೇ ತಿಂಗಳಿಗೆ ಅದು ನೆರಳಿನ ಲೆಕ್ಕ. ಬಿಸಿಲಿನಲ್ಲಿ ಬೀಗರ ಮೆರವಣಿಗೆಯನ್ನು 4ಕೆ 60ರಲ್ಲಿ ಬಿಡದೆ ತೆಗೆದರೆ ಕ್ಯಾಮೆರಾ ಬಿಸಿಯಾಗಿ ನಿಲ್ಲಬಹುದು.

ಇಷ್ಟನ್ನೂ ತೂಗಿ ನೋಡಿದರೆ ನಿಮಗೆ ನನ್ನ ಸಲಹೆ ಝಡ್6 ಮಾರ್ಕ್ 3. ಹಳೆಯ ನಿಕಾನ್ ಲೆನ್ಸ್‌ಗಳನ್ನು ಹೊಸ ಬಾಡಿಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ನಿಮ್ಮ 24-70 ಎಎಫ್-ಎಸ್ ಲೆನ್ಸ್ ಆಟೊಫೋಕಸ್ ಸಮೇತ ನಡೆಯುತ್ತದೆ, ನಿಕಾನ್ ಫ್ಲ್ಯಾಶ್‌ಗಳೂ ಕೂರುತ್ತವೆ. 85 ಎಂಎಂ ಡಿ ಲೆನ್ಸ್‌ಗೆ ಮಾತ್ರ ಆಟೊಫೋಕಸ್ ಇರುವುದಿಲ್ಲ, ಏಕೆಂದರೆ ಅದನ್ನು ತಿರುಗಿಸುವ ಮೋಟಾರ್ ಡಿ750ಯ ಒಳಗಿತ್ತು, ಅಡಾಪ್ಟರಿನಲ್ಲಿಲ್ಲ. ಸೋನಿಗೆ ಹೋದರೆ ಲೆನ್ಸ್, ಫ್ಲ್ಯಾಶ್, ಟ್ರಿಗರ್ ಎಲ್ಲವೂ ಹೊಸದು. ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಹೇರಳವಾಗಿ ಸಿಗುವುದು ಸೋನಿಯ ದೊಡ್ಡ ಬಲ, ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಬಾಡಿ ಬರುವುದಾದರೆ ಆಷಾಢದಲ್ಲಿ ಬರಲಿ, ಸೀಸನ್ ನಡುವೆ ಬೇಡ. ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಇಲ್ಲದ್ದನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಡಿ750 ಮಾರಬೇಡಿ, ಎರಡನೇ ಕ್ಯಾಮೆರಾ ಆಗಿ 85 ಎಂಎಂ ಅದಕ್ಕೇ ಇರಲಿ.

ಪ್ರಶ್ನೆ: ಮೆರವಣಿಗೆಯಲ್ಲಿ ಡಿಜೆಯ ಲೇಸರ್ ಬಿದ್ದ ಮೇಲೆ ನನ್ನ ಮಿರರ್‌ಲೆಸ್ ಕ್ಯಾಮೆರಾದ ಪ್ರತಿ ಚಿತ್ರದಲ್ಲೂ ಬಣ್ಣದ ಗೆರೆ ಬರುತ್ತಿದೆ. ರಿಪೇರಿ ಆಗುತ್ತದೆಯೇ?
– ಒಬ್ಬ ಓದುಗ, ಇಂಡಿ

ಉತ್ತರ: ಒಂದೆರಡು ಚುಕ್ಕೆಗಳಾಗಿದ್ದರೆ ಪಿಕ್ಸೆಲ್ ಮ್ಯಾಪಿಂಗ್‌ನಿಂದ (ಕೆಟ್ಟ ಪಿಕ್ಸೆಲ್ ಜಾಗವನ್ನು ಅಕ್ಕಪಕ್ಕದವುಗಳಿಂದ ತುಂಬುವ ಸೌಲಭ್ಯ) ಮುಚ್ಚಬಹುದಿತ್ತು. ಉದ್ದ ಗೆರೆ ಬಂದಿದೆ ಎಂದರೆ ಸೆನ್ಸರ್ ಸುಟ್ಟಿದೆ, ಬದಲಿಸುವುದೊಂದೇ ದಾರಿ. ಲೇಸರ್ ಹಾನಿಯ ಬಗ್ಗೆ ಕಂಪನಿಗಳು ಮೊದಲೇ ಎಚ್ಚರಿಸಿರುವುದರಿಂದ ವಾರಂಟಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಫೋಟೊ, ವಿಡಿಯೊ ತೆಗೆಯುವ ಹೊತ್ತು ಬಿಟ್ಟರೆ ಸೆನ್ಸರ್ ಕನ್ನಡಿಯ ಮರೆಯಲ್ಲಿರುತ್ತಿತ್ತು; ಮಿರರ್‌ಲೆಸ್‌ನಲ್ಲಿ ಕ್ಯಾಮೆರಾ ಚಾಲೂ ಇದ್ದಷ್ಟು ಹೊತ್ತೂ ಬಯಲಿಗೆ ಒಡ್ಡಿಕೊಂಡಿರುತ್ತದೆ. ಮುಂದೆ ಡಿಜೆ ಗಾಡಿಗೆ ಬೆನ್ನು ಮಾಡಿ ನಿಲ್ಲಿ, ಇಲ್ಲವೇ ಲೇಸರ್ ಆಕಾಶದ ಕಡೆ ತಿರುಗಿಸುವಂತೆ ಮೆರವಣಿಗೆ ಹೊರಡುವ ಮೊದಲೇ ಡಿಜೆಯವರಿಗೆ ಹೇಳಿ. ಕ್ಯಾಮೆರಾ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಸೆಟ್ಟಿಂಗ್ ಹಲವು ಬಾಡಿಗಳಲ್ಲಿದೆ, ಆದರೆ ಲೆನ್ಸ್ ಕ್ಯಾಪ್ ಅದಕ್ಕಿಂತ ಭದ್ರ. ಸದ್ಯಕ್ಕೆ ಸರ್ವಿಸ್ ಸೆಂಟರ್‌ನಿಂದ ಸೆನ್ಸರ್ ಬದಲಾವಣೆಯ ಅಂದಾಜು ಬರೆಸಿಕೊಳ್ಳಿ. ಅದು ಅದೇ ಮಾದರಿಯ ಹಳೆಯ ಬಾಡಿಯ ಬೆಲೆಯ ಅರ್ಧ ದಾಟಿದರೆ ರಿಪೇರಿಗೆ ಹಣ ಹಾಕಬೇಡಿ.